ಸಸ್ಪೆನ್ಸ್ ಅಕೌಂಟಿನಲ್ಲಿದ್ದ ನೋವು

ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಸಸ್ಪೆನ್ಸ್ ಅಕೌಂಟ್ ಅಂದರೆ ಏನೆಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಒಂದು ಮಾತು. ಸಂಜೆ ಲೆಕ್ಕ ಮುಗಿಸುವಾಗ ಯಾವ ಹೆಡ್ಡಿಗೆ ಹಾಕಬೇಕೆಂದು ತಿಳಿಯದ ಮೊತ್ತ ಉಳಿದರೆ ಅದನ್ನು ಸದ್ಯಕ್ಕೆ ಆ ಖಾತೆಗೆ ತಳ್ಳುತ್ತೇವೆ. ದುಡ್ಡು ಇರುವುದು ನಿಜ. ಯಾರದ್ದು, ಯಾಕೆ ಬಂತು ಅನ್ನುವುದು ಮಾತ್ರ ಗೊತ್ತಿಲ್ಲ. ವರ್ಷಗಟ್ಟಲೆ ಬಿಡದೆ ಕಾಡುವ ನೋವನ್ನು ಆಧುನಿಕ ವೈದ್ಯಶಾಸ್ತ್ರ ಬಹಳ ಕಾಲ ಇಂಥದೇ ಒಂದು ಖಾತೆಯಲ್ಲಿ ಇಟ್ಟಿತ್ತು. ಅದು ಅಲ್ಲಿಂದ ಹೊರಗೆ ಬಂದ ಕತೆ ನಾನು ಓದಿದ ಇತಿಹಾಸಗಳಲ್ಲೇ ನನಗೆ ಬಹಳ ಹಿಡಿಸಿದ್ದು. ಬಿ.ಕಾಂ. ಮಾಡಿದವನಿಗೆ ವೈದ್ಯಕೀಯದ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಉತ್ತರ ನನ್ನ ಸೊಂಟದಲ್ಲಿದೆ.

2012ರ ಮಳೆಗಾಲದಲ್ಲಿ ಶುರುವಾದ ಸೊಂಟನೋವು. ಇಪ್ಪತ್ತು ವರ್ಷ ಡೊಂಬಿವಲಿಯಿಂದ ನಿಂತುಕೊಂಡೇ ಹೋಗಿ ಬಂದದ್ದಕ್ಕೋ, ಹಳೆಯ ಲೆಡ್ಜರುಗಳನ್ನು ಎತ್ತಿ ಇಳಿಸಿದ್ದಕ್ಕೋ ದೇವರೇ ಬಲ್ಲ. ಇಲ್ಲಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು ಎಂಆರ್‌ಐ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, "ಅಂಥದ್ದೇನೂ ಇಲ್ಲ, ಟೆನ್ಷನ್ ಕಡಿಮೆ ಮಾಡಿ" ಎಂದು ಎರಡು ನಿಮಿಷದಲ್ಲಿ ಕಳಿಸಿದರು. "ಏನೂ ಇಲ್ಲ ಅಂದ್ರೆ ಖುಷಿಪಡಬೇಕಪ್ಪ" ಎಂದಳು ಹೆಂಡತಿ. ನಿಜವೇ. ಆದರೆ "ಏನೂ ಇಲ್ಲ" ಅನ್ನುವುದಕ್ಕೆ "ನೀನು ಸುಮ್ಮನೆ ನರಳುತ್ತಿದ್ದೀಯ" ಅನ್ನುವ ಇನ್ನೊಂದು ಅರ್ಥವೂ ಇದೆಯಲ್ಲ!

ಫಿಲ್ಮನ್ನು ಇಷ್ಟು ನಂಬುವ ಅಭ್ಯಾಸಕ್ಕೆ ಒಂದು ಹಳೆಯ ಚಿತ್ರ ಕಾರಣ. ಫ್ರಾನ್ಸಿನ ತತ್ವಜ್ಞಾನಿ ಡೆಕಾರ್ಟ್ ತೀರಿಕೊಂಡ ಮೇಲೆ, 1664ರಲ್ಲಿ, ಮನುಷ್ಯನ ದೇಹದ ಬಗ್ಗೆ ಆತ ಬರೆದ ಪುಸ್ತಕ ಫ್ರೆಂಚಿನಲ್ಲಿ ಅಚ್ಚಾಯಿತು. ಅದರಲ್ಲಿ ಒಬ್ಬ ಹುಡುಗನ ಪಾದದ ಹತ್ತಿರ ಬೆಂಕಿ ಉರಿಯುತ್ತಿದೆ. ಪಾದದಿಂದ ಮೆದುಳಿನವರೆಗೆ ಒಂದು ದಾರ. ಕೆಳಗೆ ಹಗ್ಗ ಎಳೆದರೆ ಮೇಲೆ ಗಂಟೆ ಬಾರಿಸುವ ಹಾಗೆ ನೋವು ಎಂದು ವಿವರಣೆ. ಚೆನ್ನಾದ ವಿವರಣೆ, ಸುಟ್ಟ ಗಾಯಕ್ಕೆ ಸರಿಹೋಗುತ್ತದೆ. ಆದರೆ ಬೆಂಕಿ ಆರಿದ ಮೇಲೂ ಗಂಟೆ ಬಾರಿಸುತ್ತಿದ್ದರೆ? ಹಗ್ಗ ಎಳೆಯುವವರು ಯಾರೂ ಇಲ್ಲ, ಆದ್ದರಿಂದ ಗಂಟೆಯ ಸದ್ದು ನಿನ್ನ ಭ್ರಮೆ ಅನ್ನುವುದೊಂದೇ ಉಳಿಯುವ ದಾರಿ. ಸುಮಾರು ಮುನ್ನೂರು ವರ್ಷ ಹೆಚ್ಚುಕಡಿಮೆ ಹಾಗೇ ನಡೆಯಿತು.

ಇದಕ್ಕೆ ಒಂದು ದೊಡ್ಡ ಪೆಟ್ಟು ಬಿದ್ದದ್ದು ಯುದ್ಧದಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ರಣರಂಗದಲ್ಲಿದ್ದ ಅಮೆರಿಕದ ಅರಿವಳಿಕೆ ವೈದ್ಯ ಹೆನ್ರಿ ಬೀಚರ್, ತೀವ್ರವಾಗಿ ಗಾಯಗೊಂಡ 215 ಸೈನಿಕರನ್ನು ವಿಚಾರಿಸಿ 1946ರಲ್ಲಿ ಒಂದು ಲೇಖನ ಬರೆದ. ನೋವಿಗೆ ಔಷಧಿ ಬೇಕೇ ಎಂದರೆ ನಾಲ್ವರಲ್ಲಿ ಮೂವರು ಬೇಡ ಅಂದಿದ್ದರು! ಮೂಳೆ ಮುರಿದವರು, ಹೊಟ್ಟೆಗೆ ಗುಂಡು ಬಿದ್ದವರು. ಊರಿನಲ್ಲಿ ಆಪರೇಷನ್ ಆದ ಸಾಮಾನ್ಯ ರೋಗಿಗಳಲ್ಲಿ ಇದಕ್ಕಿಂತ ಚಿಕ್ಕ ಗಾಯಕ್ಕೇ ಹೆಚ್ಚಿನವರು ಔಷಧಿ ಕೇಳುತ್ತಿದ್ದರು. ಬೀಚರ್ ಕಂಡುಕೊಂಡ ಅರ್ಥ ಇದು: ಸೈನಿಕನಿಗೆ ಗಾಯ ಎಂದರೆ ಜೀವ ಉಳಿಯಿತು, ಇನ್ನು ಮನೆಗೆ ಹೋಗಬಹುದು ಎಂದು. ಸಂಸಾರಸ್ಥನಿಗೆ ಅದೇ ಗಾಯ ಎಂದರೆ ಕೆಲಸ ಹೋಯಿತು, ಕಂತು ಕಟ್ಟುವುದು ಹೇಗೆ ಎಂದು. ನೋವಿನ ಪ್ರಮಾಣವನ್ನು ಗಾಯವೊಂದೇ ನಿರ್ಧರಿಸುವುದಿಲ್ಲ.

ಈಗ ನನಗೆ ಪ್ರಿಯವಾದ ಮನುಷ್ಯನ ಬಗ್ಗೆ ಹೇಳಬೇಕು. ಜಾನ್ ಬೊನಿಕಾ, ನಮ್ಮ ನಿಮ್ಮ ಹಾಗೆ ಊರು ಬಿಟ್ಟು ಬಂದವನು. 1917ರಲ್ಲಿ ಸಿಸಿಲಿಯ ಹತ್ತಿರದ ಫಿಲಿಕೂಡಿ ಎಂಬ ಪುಟ್ಟ ದ್ವೀಪದಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಮನೆಯವರೊಂದಿಗೆ ನ್ಯೂಯಾರ್ಕಿಗೆ ಬಂದ. ಸ್ವಲ್ಪ ವರ್ಷಕ್ಕೆ ಅಪ್ಪ ತೀರಿಕೊಂಡ. ಬೂಟು ಪಾಲಿಶ್ ಮಾಡಿ, ಪೇಪರ್ ಮಾರಿ ಮನೆ ನಡೆಸಿದ. ಡಾಕ್ಟರಿ ಓದಿನ ಖರ್ಚಿಗೆ ಕುಸ್ತಿ ಹಿಡಿದ. ಹಗಲು ಬಿಳಿ ಕೋಟು, ರಾತ್ರಿ ಮುಖವಾಡ ಹಾಕಿಕೊಂಡು ಅಖಾಡಕ್ಕೆ ಇಳಿಯುವುದು. 'ಮಾಸ್ಕ್‌ಡ್ ಮಾರ್ವೆಲ್' ಅನ್ನುವ ಹೆಸರಿನಲ್ಲಿ! ಸಿನಿಮಾ ಮಾಡಿದರೆ ಯಾರೂ ನಂಬುವುದಿಲ್ಲ.

ಯುದ್ಧಕಾಲದಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಮ್ಯಾಡಿಗನ್ ಸೇನಾ ಆಸ್ಪತ್ರೆಯಲ್ಲಿ ಬೊನಿಕಾ ಅರಿವಳಿಕೆ ವಿಭಾಗ ನೋಡಿಕೊಳ್ಳುತ್ತಿದ್ದ. ಅಲ್ಲಿಗೆ ಬರುತ್ತಿದ್ದವರು ಗಾಯ ಮಾಗಿದರೂ ಉರಿ ಹೋಗದವರು, ಕಡಿದು ತೆಗೆದ ಕಾಲಿನ ಬೆರಳು ಸೆಳೆಯುತ್ತದೆ ಅನ್ನುವವರು. ಪಠ್ಯಪುಸ್ತಕ ತಿರುವಿದರೆ ನೋವಿನ ಬಗ್ಗೆ ಹೆಚ್ಚೇನೂ ಇಲ್ಲ. ನರದ ಡಾಕ್ಟರನ್ನು ಕೇಳಿದ, ಮೂಳೆ ಡಾಕ್ಟರನ್ನು ಕೇಳಿದ, ಮನೋವೈದ್ಯರನ್ನು ಕೇಳಿದ. ಒಬ್ಬೊಬ್ಬರಿಗೆ ಒಂದೊಂದು ತುಣುಕು ಗೊತ್ತು. ಹಾಗಾದರೆ ಎಲ್ಲರೂ ಒಟ್ಟಿಗೆ ಕೂತು ಒಂದೇ ರೋಗಿಯ ಬಗ್ಗೆ ಮಾತಾಡೋಣ ಎಂದು ಶುರು ಮಾಡಿದ. ಇವತ್ತು ನಮ್ಮ ಊರುಗಳಲ್ಲೂ ಬೋರ್ಡು ಕಾಣುವ 'ಪೇಯ್ನ್ ಕ್ಲಿನಿಕ್'ಗಳ ಮೂಲ ಅಲ್ಲಿದೆ. 1953ರಲ್ಲಿ ನೋವಿನ ಚಿಕಿತ್ಸೆಯ ಬಗ್ಗೆ ದಪ್ಪ ಪುಸ್ತಕ ಬರೆದ. 1960ರಿಂದ ಸಿಯಾಟಲಿನ ವಿಶ್ವವಿದ್ಯಾಲಯದಲ್ಲಿ ಅರಿವಳಿಕೆ ವಿಭಾಗ ಕಟ್ಟಿದ. ಕುಸ್ತಿಯ ಪೆಟ್ಟುಗಳಿಂದಾಗಿ ಆತನಿಗೂ ಜೀವನಪೂರ್ತಿ ನೋವಿತ್ತು, ಹಲವಾರು ಶಸ್ತ್ರಚಿಕಿತ್ಸೆಗಳಾದವು. ರೋಗಿ "ನೋಯುತ್ತಿದೆ" ಅಂದರೆ ಆತ ನಂಬುತ್ತಿದ್ದುದಕ್ಕೆ ಅದೂ ಒಂದು ಕಾರಣ ಇರಬೇಕು ಎಂದು ನನ್ನ ಊಹೆ.

1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬಿಬ್ಬರು ಹಗ್ಗದ ಜಾಗದಲ್ಲಿ ಬಾಗಿಲನ್ನು ಇಟ್ಟರು. ಬೆನ್ನುಹುರಿಯಲ್ಲಿ ಒಂದು ಬಾಗಿಲಿದೆ, ನೋವಿನ ಸುದ್ದಿ ಅದನ್ನು ದಾಟಿ ಮೇಲೆ ಹೋಗಬೇಕು. ಕೆಳಗಿನಿಂದ ಬರುವ ಸ್ಪರ್ಶವೂ ಮೇಲಿನಿಂದ ಮೆದುಳು ಕಳಿಸುವ ಆಜ್ಞೆಯೂ ಅದನ್ನು ತೆರೆಯಬಹುದು, ಮುಚ್ಚಬಹುದು ಎಂದು. ಇದರ ಕೆಲವು ವಿವರಗಳು ಆಮೇಲೆ ಸರಿಯಲ್ಲ ಎಂದಾಯಿತು, ಮುಖ್ಯ ವಿಚಾರ ನಿಂತಿತು. ಮಗು ಬಾಗಿಲಿಗೆ ಹಣೆ ಬಡಿಸಿಕೊಂಡಾಗ ನಮ್ಮ ಅಮ್ಮಂದಿರು ಏನು ಮಾಡುತ್ತಿದ್ದರು? ಹಣೆ ಉಜ್ಜಿ, ಬಾಗಿಲಿಗೂ ಒಂದು ಹೊಡೆದು "ನೋಡು, ಅದಕ್ಕೂ ಕೊಟ್ಟೆ" ಅನ್ನುತ್ತಿದ್ದರು. ಉಜ್ಜಿದ್ದು ಕೆಳಗಿನಿಂದ, ಸಮಾಧಾನ ಮೇಲಿನಿಂದ.

ಬೊನಿಕಾ ಇದ್ದ ವಿಶ್ವವಿದ್ಯಾಲಯದಲ್ಲೇ ವಿಲ್ಬರ್ಟ್ ಫೋರ್ಡೈಸ್ ಎಂಬ ಮನಶ್ಶಾಸ್ತ್ರಜ್ಞ ಇನ್ನೊಂದು ಸಂಗತಿ ಗಮನಿಸಿದ. ನೋವು ಬಂದಾಗ ಮಾತ್ರೆ, ನೋವು ಬಂದಾಗ ವಿಶ್ರಾಂತಿ, ನೋವು ಬಂದಾಗ ಮನೆಯವರ ಉಪಚಾರ. ಹೀಗಾದರೆ ದಿನಚರಿಯ ಯಜಮಾನ ನೋವೇ ಆಗುತ್ತದೆ. ಆತ ಅದನ್ನು ತಿರುಗಿಸಿದ. ಮಾತ್ರೆ ಗಡಿಯಾರ ನೋಡಿ, ನೋವು ನೋಡಿ ಅಲ್ಲ. ಪ್ರಮಾಣ ನಿಧಾನವಾಗಿ ಇಳಿಸುವುದು. ನಡಿಗೆಗೆ ಕೋಟಾ: ಇಂದು ಇಷ್ಟೇ, ಹುಮ್ಮಸ್ಸಿದ್ದರೂ ಹೆಚ್ಚಿಲ್ಲ, ಬೇಸರವಿದ್ದರೂ ಕಡಿಮೆಯಿಲ್ಲ. 1976ರಲ್ಲಿ ಇದನ್ನೆಲ್ಲ ಪುಸ್ತಕವಾಗಿ ಬರೆದ. ನಾನು ಬೇರೇನೂ ಮಾಡಿಲ್ಲ, ಇದನ್ನೊಂದು ಹಿಡಿದುಕೊಂಡೆ. ಆರು ನಿಮಿಷದ ನಡಿಗೆಯಿಂದ ಶುರು ಮಾಡಿ ವಾರಕ್ಕೊಂದು ನಿಮಿಷ ಏರಿಸಿದೆ. ಜೊತೆಗೆ ರಾತ್ರಿ ಹತ್ತೂವರೆಗೆ ಟಿವಿ ಬಂದ್. ಇದು ಫಿಸಿಯೋಥೆರಪಿಯವರನ್ನು ಕೇಳಿಯೇ ಮಾಡಿದ್ದು. ಕಾಲಿನ ಶಕ್ತಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರವೂ ಜೊತೆಗಿದ್ದರೆ ಕೋಟಾ ಗೀಟಾ ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಇದೆಲ್ಲ ಅಮೆರಿಕದ ಕತೆಯಾಯಿತು. ಅದರ ಇನ್ನೊಂದು ಎಳೆ ಇರುವುದು ಬರ್ಮಾದಲ್ಲಿ, ಅದೂ ಒಂದು ಲೆಕ್ಕಪತ್ರದ ಆಫೀಸಿನಲ್ಲಿ!

ಊ ಬಾ ಖಿನ್ ಅಕೌಂಟೆಂಟ್ ಜನರಲ್ ಕಚೇರಿಗೆ ಗುಮಾಸ್ತನಾಗಿ ಸೇರಿದವರು. 1948ರಲ್ಲಿ ಬರ್ಮಾ ಸ್ವತಂತ್ರವಾದಾಗ ಅದೇ ಕಚೇರಿಯ ಮುಖ್ಯಸ್ಥರಾದರು. ಸಹೋದ್ಯೋಗಿಗಳಿಗೆ ಕಚೇರಿಯಲ್ಲೇ ಧ್ಯಾನ ಹೇಳಿಕೊಟ್ಟರು. 1952ರಲ್ಲಿ ರಂಗೂನಿನಲ್ಲಿ ಧ್ಯಾನಕೇಂದ್ರ ತೆರೆದರು. ಮ್ಯಾಂಡಲೆಯಲ್ಲಿ ಹುಟ್ಟಿದ ಮಾರವಾಡಿ ವ್ಯಾಪಾರಿ ಸತ್ಯನಾರಾಯಣ ಗೋಯೆಂಕಾ ಅವರಿಗೆ ವಿಪರೀತ ಮೈಗ್ರೇನ್. ಮಾರ್ಫಿನ್ ಚುಚ್ಚಿಸಿಕೊಳ್ಳುವ ಹಂತಕ್ಕೆ ಹೋಗಿ, ಚಟವಾಗಬಹುದೆಂದು ಡಾಕ್ಟರರು ಎಚ್ಚರಿಸಿದ ಮೇಲೆ ಸ್ವಿಟ್ಜರ್ಲೆಂಡ್, ಜಪಾನ್ ಎಂದು ದೇಶದೇಶ ತಿರುಗಿದರು. ಗುಣ ಕಾಣಲಿಲ್ಲ. 1955ರಲ್ಲಿ ಊ ಬಾ ಖಿನ್ ಬಳಿ ಹೋದರೆ ಮೊದಲು ಸಿಕ್ಕಿದ್ದು ನಿರಾಕರಣೆ. ಬರೀ ತಲೆನೋವು ಹೋಗಲಿ ಎಂದು ಬರುವುದಾದರೆ ಬರಬೇಡಿ ಎಂದರಂತೆ. ಮನಸ್ಸನ್ನು ಪಳಗಿಸಲು ಬನ್ನಿ, ತಲೆನೋವಿನದ್ದು ಆಮೇಲೆ. ಗಿರಾಕಿಯನ್ನು ಹೀಗೆ ವಾಪಸ್ ಕಳಿಸುವ ಅಧಿಕಾರಿಯನ್ನು ನಾನಂತೂ ನೋಡಿಲ್ಲ.

ಗೋಯೆಂಕಾ ಹತ್ತು ದಿನ ಕೂತರು, ಮೈಗ್ರೇನ್ ಕಾಟ ಹೋಯಿತು, ಹದಿನಾಲ್ಕು ವರ್ಷ ಅಲ್ಲೇ ಕಲಿತರು. 1969ರಲ್ಲಿ ಭಾರತಕ್ಕೆ ಬಂದು ಮೊದಲ ಶಿಬಿರ ನಡೆಸಿದ್ದು ನಮ್ಮ ಇದೇ ಮುಂಬಯಿಯಲ್ಲಿ, ಒಂದು ಧರ್ಮಶಾಲೆಯಲ್ಲಿ. ಕಸಾರಾ ಘಾಟಿ ಹತ್ತಿದರೆ ಸಿಗುವ ಇಗತ್‌ಪುರಿಯ ಕೇಂದ್ರ 1976ರದ್ದು. ಒಬ್ಬರ ಮೈಗ್ರೇನ್ ಹೋಯಿತೆಂದು ಎಲ್ಲರದ್ದೂ ಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಒಂದು ವೌಚರಿನಿಂದ ಬ್ಯಾಲೆನ್ಸ್ ಶೀಟ್ ಆಗುವುದಿಲ್ಲ.

ಆದರೆ ಅದೇ ಎಳೆ ಮತ್ತೆ ಅಮೆರಿಕಕ್ಕೆ ಹೋಯಿತು. 1979ರಲ್ಲಿ ಮ್ಯಾಸಚೂಸೆಟ್ಸಿನ ವೂಸ್ಟರಿನ ಆಸ್ಪತ್ರೆಯಲ್ಲಿ ಜಾನ್ ಕಬಾಟ್-ಜಿನ್, ಡಾಕ್ಟರರು ಕೈಚೆಲ್ಲಿದ ರೋಗಿಗಳಿಗೆ ಕೆಲವು ವಾರಗಳ ತರಬೇತಿ ಶುರು ಮಾಡಿದರು. ಪಾದದಿಂದ ತಲೆಯವರೆಗೆ ಒಂದೊಂದೇ ಭಾಗಕ್ಕೆ ಗಮನ ಕೊಡುವ ಅದರ ಅಭ್ಯಾಸದ ಬೇರು ಊ ಬಾ ಖಿನ್ ಪರಂಪರೆಯಲ್ಲಿದೆ. ನೋವನ್ನು ಓಡಿಸುವುದಲ್ಲ, ನೋವು ಬೇರೆ, "ಇನ್ನು ನನ್ನ ಗತಿಯೇನು" ಅನ್ನುವ ಹೆದರಿಕೆ ಬೇರೆ ಎಂದು ವಿಂಗಡಿಸುವುದು. 2016ರಲ್ಲಿ ಹಳೆಯ ಸೊಂಟನೋವಿನ 342 ಜನರ ಮೇಲೆ ಇದನ್ನು ಪರೀಕ್ಷಿಸಿದರು. ಆರು ತಿಂಗಳಿಗೆ ಓಡಾಟ, ಕೆಲಸಗಳಲ್ಲಿ ಗಮನಾರ್ಹ ಸುಧಾರಣೆ ಕಂಡವರು ನೂರಕ್ಕೆ ಸುಮಾರು 60. ಮಾಮೂಲಿ ಚಿಕಿತ್ಸೆಯವರಲ್ಲಿ 44. ಮನೋಚಿಕಿತ್ಸೆ ಪಡೆದ ಇನ್ನೊಂದು ಗುಂಪಿಗೂ ಹತ್ತಿರಹತ್ತಿರ ಅಷ್ಟೇ ಲಾಭ. ಅಂದರೆ ಪ್ರಯೋಜನ ನಿಜ, ಪವಾಡವಲ್ಲ. ನೂರರಲ್ಲಿ ನಲವತ್ತು ಜನ ಹಾಗೇ ಉಳಿದರು, ಅದು ಅವರ ಸಂಕಲ್ಪದ ಕೊರತೆ ಎಂದು ಯಾರೂ ಹೇಳಕೂಡದು.

ಅಂದ ಹಾಗೆ, ಫಿಲ್ಮಿನ ವಿಷಯ. 1994ರಲ್ಲಿ ಸೊಂಟನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿ ನೋಡಿದ್ದರು. ಎಲ್ಲ ಡಿಸ್ಕುಗಳೂ ಸರಿಯಿದ್ದದ್ದು ನೂರಕ್ಕೆ 36 ಜನರಿಗೆ ಮಾತ್ರ! ಫಿಲ್ಮಿನಲ್ಲಿ ಕಂಡದ್ದೆಲ್ಲ ನೋಯುವುದಿಲ್ಲ, ನೋಯುವುದೆಲ್ಲ ಫಿಲ್ಮಿನಲ್ಲಿ ಕಾಣುವುದಿಲ್ಲ.

ಬೊನಿಕಾ 1973ರಲ್ಲಿ ಸಿಯಾಟಲ್ ಹತ್ತಿರ ಕರೆದ ಸಭೆಯಿಂದ ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ ಹುಟ್ಟಿತು. 1979ರಲ್ಲಿ ಅದು ಕೊಟ್ಟ ವ್ಯಾಖ್ಯೆಯಲ್ಲೇ ನೋವು ದೇಹದ ಅನುಭವ, ಭಾವನೆಯ ಅನುಭವ ಎರಡೂ ಹೌದು ಎಂದಿತ್ತು. 2020ರಲ್ಲಿ ಅದನ್ನು ತಿದ್ದಿದಾಗ, ನೋವಿದೆ ಎಂದು ಹೇಳುವವರ ಮಾತನ್ನು ಗೌರವಿಸಬೇಕು ಎಂದು ಸೇರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಹೊಸ ಪಟ್ಟಿ 2022ರ ಜನವರಿಯಲ್ಲಿ ಜಾರಿಗೆ ಬಂತು. ಮೂರು ತಿಂಗಳಿಗಿಂತ ಹೆಚ್ಚು ಕಾಲದ ನೋವಿಗೆ ಅದರಲ್ಲಿ ಸ್ವಂತ ಹೆಡ್ ಸಿಕ್ಕಿದೆ.

ನಮ್ಮ ಬ್ರಾಂಚಿನಲ್ಲಿ ಕ್ಯಾಷ್ ಕೌಂಟರಿನಲ್ಲಿದ್ದ ಒಬ್ಬ ಮರಾಠಿ ಮಹಿಳೆ ಇದ್ದರು. ವರ್ಷಗಟ್ಟಲೆ ಕುತ್ತಿಗೆನೋವು. ರಜೆ ಅರ್ಜಿ ಕೊಟ್ಟಾಗಲೆಲ್ಲ ಮೇಲಿನವರಿಂದ "ರಿಪೋರ್ಟ್ ನಾರ್ಮಲ್ ಇದೆಯಲ್ಲ" ಎಂಬ ಮಾತು ಕೇಳಿ ಕೇಳಿ, ಸ್ವಯಂ ನಿವೃತ್ತಿ ತೆಗೆದುಕೊಂಡು ಹೋದರು. ಮೊನ್ನೆ ಫೋನಿನಲ್ಲಿ ಈ ಪಟ್ಟಿಯ ಬಗ್ಗೆ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದರ ನಂಬರ್ ಏನು ಸರ್, ಬರೆದುಕೊಳ್ಳುತ್ತೇನೆ" ಅಂದರು. ಹೇಳಿದೆ: ಎಂ.ಜಿ. 30.