ಲಂಡನ್ ಯಾಕೆ ಲಕೋಟೆ ವಾಪಸ್ ಕಳಿಸಲಿಲ್ಲ?

ಊಟ ಮಾಡ್ತಾ ಕೇಳ್ತಿದ್ದೀರಿ ಅಂದ್ರೆ ಈಗಲೇ ಪಾಸ್ ಒತ್ತಿ, ಕೈ ತೊಳೆದುಕೊಂಡು ಬನ್ನಿ. ಯಾಕಂದ್ರೆ ಇವತ್ತಿನ ವಿಷಯ ಮಲ. ಹೌದು, ಅದೇ. ನಮ್ಮ ಮನೆಗಳಲ್ಲಿ ಈ ಪದವನ್ನು ಯಾರೂ ನೇರವಾಗಿ ಆಡೋದಿಲ್ಲ. 'ಎರಡಕ್ಕೆ' ಅಂತಾರೆ, 'ಸಂಡಾಸಿಗೆ' ಅಂತಾರೆ, ಹಳ್ಳಿ ಕಡೆ 'ಕೆರೆ ಕಡೆ ಹೋಗಿ ಬರ್ತೀನಿ' ಅಂತಾರೆ. ಇಂಗ್ಲೆಂಡಿನವರೂ ಈ ವಿಷಯದಲ್ಲಿ ನಮಗಿಂತ ಧೈರ್ಯವಂತರೇನಲ್ಲ. ಅಂಥ ದೇಶದಲ್ಲಿ 2006ರಲ್ಲಿ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್, 60 ದಾಟಿದವರ ಮನೆಗೆ ಒಂದು ಲಕೋಟೆ ಕಳಿಸೋಕೆ ಶುರು ಮಾಡಿತು. ಕೋರಿಕೆ ಸರಳ: ನಿಮ್ಮ ಮಲದ ಚೂರನ್ನು ಈ ಕಾರ್ಡಿಗೆ ಹಚ್ಚಿ, ಪೋಸ್ಟ್ ಮಾಡಿ. ಸ್ಟಾಂಪ್ ದುಡ್ಡು ನಮ್ಮದು.

ನಾನು ಈ ಕಥೆಯ ಬೆನ್ನು ಹತ್ತಿದ್ದು ನಮ್ಮ ದೊಡ್ಡಪ್ಪನಿಂದ. ಅವರಿರೋದು ಲಂಡನ್ನಿನ ಹ್ಯಾರೋದಲ್ಲಿ. ಒಂದು ಭಾನುವಾರ ವಿಡಿಯೋ ಕಾಲ್‌ನಲ್ಲಿ ನಗ್ತಾ ಹೇಳಿದ್ರು, "ಮತ್ತೆ ಬಂದಿದೆ ಕಣೋ ಆ ಡಬ್ಬಿ." ಎರಡು ವರ್ಷಕ್ಕೊಮ್ಮೆ ಬರುತ್ತಂತೆ. ಹಿಂದಿನವನ್ನೆಲ್ಲ ಏನು ಮಾಡಿದ್ರಿ ಅಂತ ಕೇಳಿದೆ. ಕಸದ ಬುಟ್ಟಿಗೆ. ಆಮೇಲೆ ನಾನು ಅಂಕಿ ಅಂಶ ತೆಗೆದು ನೋಡಿದಾಗ ಗೊತ್ತಾಯ್ತು, ದೊಡ್ಡಪ್ಪ ಒಬ್ಬರೇ ಅಲ್ಲ.

ಮೊದಲು ಆ ಕಾರ್ಡಿನ ಕಥೆ. ದಕ್ಷಿಣ ಅಮೆರಿಕ, ಕೆರಿಬಿಯನ್ ಕಡೆ ಬೆಳೆಯೋ ಗ್ವಾಯಕಂ ಅನ್ನೋ ಮರದ ಅಂಟಿಗೆ ಒಂದು ವಿಚಿತ್ರ ಗುಣ ಇದೆ. ರಕ್ತ ತಾಗಿದ ಕಡೆ ಪೆರಾಕ್ಸೈಡ್ ಹಾಕಿದರೆ ಅದು ನೀಲಿಗೆ ತಿರುಗುತ್ತೆ. 1864ರಲ್ಲಿ ನೆದರ್ಲೆಂಡ್ಸ್‌ನ ವಾನ್ ಡೀನ್ ಅನ್ನೋ ವಿಜ್ಞಾನಿ ಇದನ್ನು ರಕ್ತ ಪತ್ತೆಗೆ ಬಳಸಿದ. ನೂರು ವರ್ಷದ ನಂತರ, 1960ರ ದಶಕದಲ್ಲಿ, ಅಮೆರಿಕದ ಡೇವಿಡ್ ಗ್ರೀಗರ್ ಎಂಬ ವೈದ್ಯ ಆ ಅಂಟು ಸವರಿದ ಕಾರ್ಡನ್ನು ರೋಗಿಗಳ ಮನೆಗೇ ಕೊಟ್ಟು ಕಳಿಸಿದ. ದೊಡ್ಡ ಕರುಳಿನ ಗೆಡ್ಡೆ, ಕ್ಯಾನ್ಸರ್ ಆಗುವ ಮೊದಲೇ ಎಷ್ಟೋ ಸಲ ಕಣ್ಣಿಗೆ ಕಾಣದಷ್ಟು ರಕ್ತ ಸೋರುತ್ತೆ. ಅದನ್ನು ಹಿಡಿಯೋದೇ ಕಾರ್ಡಿನ ಕೆಲಸ. ರಕ್ತ ಸಿಕ್ಕರೆ ಕೊಲೊನೋಸ್ಕೋಪಿ, ಅಂದ್ರೆ ಕ್ಯಾಮೆರಾ ಕೊಳವೆ ಹಾಕಿ ನೋಡೋದು.

ಇದು ಜೀವ ಉಳಿಸುತ್ತೆ ಅನ್ನೋದಕ್ಕೆ ಪುರಾವೆ ಸಿಕ್ಕಿದ್ದು ನಾಟಿಂಗ್‌ಹ್ಯಾಮ್‌ನಲ್ಲಿ. ಸರ್ಜನ್ ಜ್ಯಾಕ್ ಹಾರ್ಡ್‌ಕ್ಯಾಸಲ್ ಮತ್ತು ತಂಡ 1,52,850 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಾರ್ಡ್ ಕಳಿಸಿ, ವರ್ಷಗಟ್ಟಲೆ ಕಾದು ನೋಡಿದರು. 1996ರಲ್ಲಿ ಫಲಿತಾಂಶ ಬಂತು: ಕಾರ್ಡ್ ಕಳಿಸಿದ ಗುಂಪಿನಲ್ಲಿ ಕರುಳಿನ ಕ್ಯಾನ್ಸರ್ ಸಾವು ಶೇ 15ರಷ್ಟು ಕಡಿಮೆ. ಗಮನಿಸಿ, ಈ ಲೆಕ್ಕದಲ್ಲಿ ಕಾರ್ಡನ್ನು ಕಸಕ್ಕೆ ಹಾಕಿದವರೂ ಸೇರಿದ್ದಾರೆ. ಆ ಗುಂಪಿನಲ್ಲಿ ಒಮ್ಮೆಯಾದರೂ ಪರೀಕ್ಷೆ ಮಾಡಿಸಿಕೊಂಡವರು ಸುಮಾರು ಶೇ 60 ಮಾತ್ರ.

2000ನೇ ಇಸವಿಯಲ್ಲಿ ಪ್ರಾಯೋಗಿಕ ಯೋಜನೆ ಶುರುವಾಯ್ತು. ಇಂಗ್ಲೆಂಡಿನಲ್ಲಿ ಕೊವೆಂಟ್ರಿ ಮತ್ತು ವಾರಿಕ್‌ಶೈರ್, ಸ್ಕಾಟ್ಲೆಂಡಿನಲ್ಲಿ ಟೇಸೈಡ್, ಗ್ರ್ಯಾಂಪಿಯನ್, ಫೈಫ್. 4,78,250 ಜನರಿಗೆ ಆಹ್ವಾನ, ಕಾರ್ಡ್ ತುಂಬಿ ಕಳಿಸಿದವರು ಶೇ 56.8. ಪರವಾಗಿಲ್ಲ ಅನಿಸುತ್ತೆ ಅಲ್ವಾ? ಆದರೆ ಕೊವೆಂಟ್ರಿ ಅಂದ್ರೆ ಕಾರ್ ಕಾರ್ಖಾನೆಗಳ ಊರು. ಆ ಕಾರ್ಖಾನೆಗಳಿಗೆ ಅಂತ ಬಂದ ಪಂಜಾಬಿ, ಗುಜರಾತಿ ಕುಟುಂಬಗಳು ಅಲ್ಲಿ ಬಹಳ. ಹೆಸರು ನೋಡಿ ಮೂಲ ಗುರುತಿಸಿ ಎಣಿಸಿದಾಗ, ದಕ್ಷಿಣ ಏಷ್ಯಾದವರಲ್ಲಿ ಕಾರ್ಡ್ ಕಳಿಸಿದವರು ಉಳಿದವರಿಗಿಂತ ತುಂಬಾ ಕಡಿಮೆ ಅಂತ ಕಂಡಿತು. ಎಚ್ಚರಿಕೆ ಆಗಲೇ ಸಿಕ್ಕಿತ್ತು ಅನ್ನೋದು ನನ್ನ ಅಭಿಪ್ರಾಯ.

2006ರಲ್ಲಿ ಇಂಗ್ಲೆಂಡನ್ನು ಐದು ಕೇಂದ್ರಗಳಿಗೆ ಹಂಚಿದರು. ರಗ್ಬಿ, ಗೇಟ್ಸ್‌ಹೆಡ್, ನಾಟಿಂಗ್‌ಹ್ಯಾಮ್, ಗಿಲ್ಫರ್ಡ್ ಮತ್ತು ಲಂಡನ್. ಅದೇ ಕಾರ್ಡ್, ಅದೇ ಪತ್ರ, ಎಲ್ಲರಿಗೂ ಪುಕ್ಕಟೆ. ಮೊದಲ ಹತ್ತು ಲಕ್ಷ ಪರೀಕ್ಷೆ ಮುಗಿದು ಲೆಕ್ಕ ಹಾಕಿದಾಗ ಬೇರೆ ನಾಲ್ಕೂ ಕಡೆ ಅರ್ಧಕ್ಕಿಂತ ಹೆಚ್ಚು ಜನ ಕಳಿಸಿದ್ದರು. ಲಂಡನ್ನಿನಲ್ಲಿ ಸುಮಾರು ಶೇ 40. ಜಗತ್ತಿನ ಹೆಸರಾಂತ ಆಸ್ಪತ್ರೆಗಳೆಲ್ಲ ಇರೋ ಊರು, ಎಲ್ಲರಿಗಿಂತ ಹಿಂದೆ. ಗಂಡಸರು ಹೆಂಗಸರಿಗಿಂತ ಹಿಂದೆ, ಅದು ಎಲ್ಲ ಕಡೆಯ ಕಥೆ.

ಲಂಡನ್ ಅಂದ ತಕ್ಷಣ ಒಂದೇ ಊರು ಅಂದುಕೊಳ್ಳಬೇಡಿ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಂಗ್ಲೆಂಡಿನ ಮೊದಲ 26 ಲಕ್ಷ ಆಹ್ವಾನಗಳನ್ನು ಪಿನ್‌ಕೋಡ್ ಹಿಡಿದು ವಿಂಗಡಿಸಿತು. ಅತಿ ಬಡ ಪ್ರದೇಶಗಳಲ್ಲಿ ಶೇ 35, ಅತಿ ಸ್ಥಿತಿವಂತ ಪ್ರದೇಶಗಳಲ್ಲಿ ಶೇ 61. ಹಲವು ಮೂಲದ ಜನ ಅತಿ ಹೆಚ್ಚು ಬೆರೆತಿರೋ ಪ್ರದೇಶಗಳಲ್ಲಿ ಶೇ 38. ಬಡತನದ ಪ್ರಭಾವವನ್ನು ಲೆಕ್ಕದಿಂದ ಕಳೆದರೂ ಈ ಕೊನೆಯ ಅಂತರ ಹಾಗೇ ಉಳಿಯಿತು. ಅಂದ್ರೆ ಬಡತನ ಒಂದು ಕಾರಣ, ಅದರ ಜೊತೆಗೆ ಇನ್ನೂ ಏನೋ ಇತ್ತು.

ಏನು ಅಂತ ಯೋಚನೆ ಮಾಡಿ. ಪತ್ರ ಹೋಗೋದು ನಿಮ್ಮ ಜಿಪಿ, ಅಂದ್ರೆ ಬಡಾವಣೆಯ ಡಾಕ್ಟರ ಬಳಿ ದಾಖಲಾದ ವಿಳಾಸಕ್ಕೆ. ಬಾಡಿಗೆ ಮನೆ ಬದಲಿಸುತ್ತಲೇ ಇರೋ ಊರಲ್ಲಿ ಆ ವಿಳಾಸ ಹಳೆಯದಾಗಿರುತ್ತೆ. ಪತ್ರ ಇಂಗ್ಲಿಷಿನಲ್ಲಿ. ಕಾರ್ಡಿನ ಕೆಲಸವೂ ಸುಲಭದ್ದಲ್ಲ: ಮೂರು ಬೇರೆ ಬೇರೆ ಸಲದ ಮಲ, ಪ್ರತಿ ಸಲ ಎರಡು ಚೂರು, ರಟ್ಟಿನ ಕಡ್ಡಿಯಲ್ಲಿ ಹಚ್ಚಬೇಕು, ಒಟ್ಟು ಆರು ಕಿಂಡಿ. ಅಷ್ಟು ದಿನ ಆ ಕಾರ್ಡನ್ನು ಎಲ್ಲಿಡ್ತೀರಿ? ಸ್ವಂತ ಬಾತ್‌ರೂಮ್ ಇದ್ದವರಿಗೆ ಇದು ಮುಜುಗರ ಅಷ್ಟೇ. ಒಂದೇ ಟಾಯ್ಲೆಟ್‌ಗೆ ಎಂಟು ಜನ ಇರೋ ಮನೆಯಲ್ಲಿ ಸೊಸೆ, ಮೊಮ್ಮಕ್ಕಳ ಎದುರು ಅದನ್ನು ಕಾಪಾಡೋದು ದೊಡ್ಡ ಸಾಹಸ. ದೊಡ್ಡಪ್ಪನ ಮಾತಲ್ಲೇ ಹೇಳಬೇಕಂದ್ರೆ, "ದೇವರ ಮನೆ ಪಕ್ಕದಲ್ಲೇ ಬಾತ್‌ರೂಮ್ ಇದೆ, ಇದನ್ನೆಲ್ಲಿ ಇಟ್ಕೊಳ್ಳಲಿ?"

ಗಡಿ ದಾಟಿದರೆ ನಿಯಮವೇ ಬೇರೆ ಇತ್ತು. ಸ್ಕಾಟ್ಲೆಂಡ್ 2007ರಲ್ಲಿ ಶುರು ಮಾಡಿದಾಗ 50ನೇ ವಯಸ್ಸಿನಿಂದಲೇ ಕಿಟ್ ಕಳಿಸಿತು. ಹಾಗಾಗಿ ಇಂಗ್ಲೆಂಡಿನ ತುತ್ತತುದಿಯ ಬೆರಿಕ್ ಪಟ್ಟಣದಲ್ಲಿ 52ರ ಒಬ್ಬರಿಗೆ ಆಗ ಏನೂ ಬರ್ತಿರಲಿಲ್ಲ, ಕೆಲವೇ ಮೈಲಿ ಉತ್ತರಕ್ಕಿದ್ದ ಅದೇ ವಯಸ್ಸಿನವರಿಗೆ ಬರ್ತಿತ್ತು. ಇಂಗ್ಲೆಂಡ್ ತನ್ನ ಮಿತಿಯನ್ನು 50ಕ್ಕೆ ಇಳಿಸೋಕೆ ಶುರು ಮಾಡಿದ್ದು 2021ರಲ್ಲಿ. ಹಾಗಂತ ಸ್ಕಾಟ್ಲೆಂಡಿನ ಒಳಗೆ ಎಲ್ಲ ಸರಿ ಇತ್ತು ಅಂತಲ್ಲ. ಬಡತನ ಹೆಚ್ಚಿರೋ ಗ್ಲ್ಯಾಸ್ಗೋ ಸುತ್ತಮುತ್ತ ಕಡಿಮೆ, ಉತ್ತರದ ದ್ವೀಪಗಳಲ್ಲಿ ಹೆಚ್ಚು.

ಇದೆಲ್ಲ ಬರೀ ಶೇಕಡಾವಾರು ಆಟ ಅಲ್ಲ. ಬ್ರಿಟನ್ನಿನಲ್ಲಿ ಈ ಕ್ಯಾನ್ಸರ್ ಮೊದಲ ಹಂತದಲ್ಲೇ ಸಿಕ್ಕರೆ ಹತ್ತರಲ್ಲಿ ಸುಮಾರು ಒಂಬತ್ತು ಜನ ಐದು ವರ್ಷದ ನಂತರವೂ ಇರ್ತಾರೆ. ಕೊನೇ ಹಂತದಲ್ಲಿ ಸಿಕ್ಕರೆ ಹತ್ತರಲ್ಲಿ ಸುಮಾರು ಒಬ್ಬರು.

ಅಂತರ ಮುಚ್ಚೋಕೆ ಏನೇನು ಮಾಡಿದರು? ಲಂಡನ್ನಿನ ಮನಶ್ಶಾಸ್ತ್ರಜ್ಞೆ ಜೇನ್ ವಾರ್ಡಲ್ ಮತ್ತು ಸಂಗಡಿಗರು ನಾಲ್ಕು ಉಪಾಯ ಪರೀಕ್ಷಿಸಿದರು. ಸರಳ ಭಾಷೆಯ ಕರಪತ್ರ. ಪರೀಕ್ಷೆ ಮಾಡಿಸಿಕೊಂಡವರ ಕಥೆಗಳ ಕರಪತ್ರ. ಪತ್ರದಲ್ಲಿ ನಿಮ್ಮದೇ ಜಿಪಿಯ ಬೆಂಬಲ. ಇನ್ನಷ್ಟು ಒತ್ತಿ ಹೇಳುವ ನೆನಪೋಲೆ. 2016ರಲ್ಲಿ ಬಂದ ಫಲಿತಾಂಶ ತಣ್ಣಗಿತ್ತು. ಡಾಕ್ಟರ ಹೆಸರು ಎಲ್ಲರನ್ನೂ ಒಂದಿಷ್ಟು ಮೇಲೆತ್ತಿತು, ಆದರೆ ಬಡವ-ಬಲ್ಲಿದರ ಅಂತರ ಅಷ್ಟೇ ಉಳಿಯಿತು. ಅಂತರವನ್ನು ಸ್ವಲ್ಪ ತಗ್ಗಿಸಿದ್ದು ಆ ನೆನಪೋಲೆ ಮಾತ್ರ. ಫಲಿತಾಂಶ ಪ್ರಕಟವಾಗುವ ಮೊದಲೇ, 2015ರಲ್ಲಿ ವಾರ್ಡಲ್ ತೀರಿಕೊಂಡಿದ್ದರು.

ಹೆಚ್ಚು ಬದಲಾವಣೆ ತಂದಿದ್ದು ಒಂದು ಪುಟ್ಟ ಬಾಟಲಿ. ಫಿಟ್ ಅನ್ನೋ ಹೊಸ ಪರೀಕ್ಷೆ. ಮೂರು ಸಲ ಅಲ್ಲ, ಒಂದೇ ಸಲ. ಮುಚ್ಚಳಕ್ಕೆ ಅಂಟಿದ ಕಡ್ಡಿಯನ್ನು ಒಮ್ಮೆ ಸವರಿ, ಬಾಟಲಿಗೆ ತುರುಕಿ, ಮುಚ್ಚಿದರೆ ಮುಗೀತು. 2014ರಲ್ಲಿ ಇಂಗ್ಲೆಂಡ್ ಇದನ್ನು ಹಳೆಯ ಕಾರ್ಡಿನ ಪಕ್ಕದಲ್ಲಿಟ್ಟು ನೋಡಿತು. ಹಳೆಯದಕ್ಕೆ ಸುಮಾರು ಶೇ 59, ಹೊಸದಕ್ಕೆ ಶೇ 66.4. ನನ್ನ ಕಣ್ಣು ನಿಂತಿದ್ದು ಇನ್ನೊಂದು ಅಂಕಿಯ ಮೇಲೆ. ಹಿಂದೆ ಕರೆದಾಗ ಉತ್ತರವನ್ನೇ ಕೊಡದಿದ್ದವರಲ್ಲಿ ಶೇ 12.5 ಇದ್ದದ್ದು ಶೇ 23.9 ಆಯ್ತು. ಹೆಚ್ಚುಕಮ್ಮಿ ದುಪ್ಪಟ್ಟು. ವರ್ಷಗಟ್ಟಲೆ ಇವರನ್ನು 'ಅರಿವಿಲ್ಲದವರು' ಅಂತ ಕರೆದಿದ್ದರು. ಅವರಲ್ಲಿ ಎಷ್ಟೋ ಜನರಿಗೆ ಅರಿವು ಇತ್ತು, ಆ ಆರು ಕಿಂಡಿ ತುಂಬೋ ತಾಳ್ಮೆ ಇರಲಿಲ್ಲ.

2017ರ ನವೆಂಬರಿನಲ್ಲಿ ಸ್ಕಾಟ್ಲೆಂಡ್, 2019ರ ಜೂನಿನಲ್ಲಿ ಇಂಗ್ಲೆಂಡ್ ಫಿಟ್‌ಗೆ ಬದಲಾದವು. ಅಲ್ಲೂ ಒಂದು ಗಡಿ ಉಳೀತು. ಒಂದು ಗ್ರಾಂ ಮಲದಲ್ಲಿ ರಕ್ತದ ಅಂಶ 80 ಮೈಕ್ರೋಗ್ರಾಂ ಮುಟ್ಟಿದರೆ ಸ್ಕಾಟ್ಲೆಂಡ್ ಕೊಲೊನೋಸ್ಕೋಪಿಗೆ ಕರೆಯಿತು, ಇಂಗ್ಲೆಂಡ್ 120ರ ತನಕ ಕಾಯಿತು, ಅಷ್ಟೊಂದು ಜನರಿಗೆ ಕೊಲೊನೋಸ್ಕೋಪಿ ಮಾಡೋ ಸಾಮರ್ಥ್ಯ ಸಾಲದು ಅಂತ. ಎಲ್ಲ ಕಡೆ ಸಂಖ್ಯೆ ಏರಿತು. ಲಂಡನ್ನೂ ಏರಿತು, ಆದರೂ ಸಾಲಿನ ಕೊನೆಯಲ್ಲೇ ನಿಂತಿತು.

ಅಂದಹಾಗೆ, ನಮ್ಮಲ್ಲಿ ಏನು ಅಂತ ಕೇಳ್ತೀರಿ. ಭಾರತ 2016ರಲ್ಲಿ ರೂಪಿಸಿದ ರಾಷ್ಟ್ರೀಯ ಕ್ಯಾನ್ಸರ್ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕೊರಳು ಇವೆ, ಕರುಳು ಇಲ್ಲ. ಇಲ್ಲಿ ಲಕೋಟೆ ಬರೋದಿಲ್ಲ.

ಈ ಎಪಿಸೋಡ್ ರೆಕಾರ್ಡ್ ಮಾಡೋ ಮೊದಲು ದೊಡ್ಡಪ್ಪನಿಗೆ ಫೋನ್ ಹಚ್ಚಿದೆ. ಹೊಸ ಡಬ್ಬಿ ತೆರೆದು ನೋಡಿದ್ರಾ ಅಂತ ಕೇಳಿದೆ. ಇಲ್ಲ ಅಂದ್ರು. ತೆರೆಯಿರಿ ಅಂದೆ. ಕತ್ತರಿ ಹುಡುಕೋ ಸದ್ದು, ಕಾಗದ ಹರಿಯೋ ಸದ್ದು, ಆಮೇಲೆ ಸ್ವಲ್ಪ ಹೊತ್ತು ಮೌನ. "ಇಷ್ಟೇನಾ? ಒಂದೇ ಕಡ್ಡಿನಾ?" ಅಂದ್ರು. ಆಮೇಲೆ ದೊಡ್ಡಮ್ಮನನ್ನು ಕೂಗಿ, ಕನ್ನಡಕ ಎಲ್ಲಿಟ್ಟೆ ಅಂತ ಕೇಳಿದ್ರು.