ಬಾವಿಯಲ್ಲಿ ನೀರಿದೆ, ಕುಡಿಯಲು ಇಲ್ಲ: ಭಟ್ಕಳ, ಹೊನ್ನಾವರ, ಕುಮಟಾದವರು ತಿಳಿದಿರಬೇಕಾದ ವಿಷಯ

ನಮ್ಮ ಮೂರೂ ತಾಲೂಕುಗಳಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಹೆಚ್ಚುಕಡಿಮೆ ಮನೆಗೊಂದು ಬಾವಿ. ಆದರೂ ಏಪ್ರಿಲ್ ಬಂತೆಂದರೆ ಕಡಲಂಚಿನ ಕೇರಿಗಳಲ್ಲಿ ಟ್ಯಾಂಕರ್ ಮುಂದೆ ಕೊಡಗಳ ಸಾಲು. ಬಾವಿಗೆ ಇಣುಕಿದರೆ ನೀರು ಕಾಣುತ್ತದೆ, ಬಾಯಿಗೆ ಹಾಕಿದರೆ ಉಪ್ಪು.

ಬೇಸಿಗೆಯಲ್ಲಿ ಹೊಳೆಯ ಹರಿವು ಕಡಿಮೆಯಾದಾಗ ಭರತದ ನೀರು ಶರಾವತಿ, ಅಘನಾಶಿನಿ, ವೆಂಕಟಾಪುರ ಹೊಳೆಗಳಲ್ಲಿ ಒಳಗೆ ನುಗ್ಗುತ್ತದೆ. ಮಾವಿನಕುರ್ವೆ, ಐಗಳಕುರ್ವೆಯಂಥ ನಡುಗಡ್ಡೆಗಳಿಗೆ ಸುತ್ತಲೂ ನೀರು, ಕುಡಿಯುವುದಕ್ಕೆ ಮಾತ್ರ ಪರದಾಟ. ಗಜನಿಯಲ್ಲಿ ಕಗ್ಗ ಭತ್ತ ಈ ಉಪ್ಪನ್ನು ತಡೆದುಕೊಳ್ಳುತ್ತದೆ, ಮನುಷ್ಯರಿಗೆ ಆಗುವುದಿಲ್ಲ.

ಇಲ್ಲಿ ಬಹಳ ಜನ ಮಾಡುವ ತಪ್ಪು ಬಾವಿಯನ್ನು ಇನ್ನಷ್ಟು ಆಳ ಮಾಡುವುದು, ಇಲ್ಲವೇ ಬೋರ್ ಹೊಡೆಸುವುದು. ಕಡಲ ಬದಿಯ ಮಣ್ಣಿನೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಮುದ್ರ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಅಡಿವರೆಗೆ ಸಿಹಿ ಎಂಬುದು ಲೆಕ್ಕ. ಪಂಪ್ ಹಾಕಿ ಆ ಒಂದು ಅಡಿ ಎಳೆದುಬಿಟ್ಟರೆ ಕೆಳಗಿನ ಉಪ್ಪು ಮೇಲಕ್ಕೇರುತ್ತದೆ. ಒಬ್ಬರ ಬೋರ್‌ನಿಂದ ಪಕ್ಕದ ನಾಲ್ಕು ಮನೆಯ ಬಾವಿ ಕೆಡಬಹುದು. ಕುದಿಸಿದರೂ ಬ್ಲೀಚಿಂಗ್ ಹಾಕಿದರೂ ಉಪ್ಪು ಹೋಗುವುದಿಲ್ಲ. ಮಳೆಗಾಲದಲ್ಲಿ ಮಾಡಿನ ನೀರನ್ನು ಸೋಸಿ ಬಾವಿಗೆ ಬಿಡುವುದೇ ಇದ್ದುದರಲ್ಲಿ ಅಗ್ಗದ ದಾರಿ.

ಭಟ್ಕಳ ಪಟ್ಟಣಕ್ಕೆ ಕಡವಿನಕಟ್ಟೆ, ಕುಮಟಾ ಮತ್ತು ಹೊನ್ನಾವರ ಪಟ್ಟಣಗಳಿಗೆ ಅಘನಾಶಿನಿಯ ಮರಾಕಲ್ ಯೋಜನೆ ಇದೆ. ಹಳ್ಳಿಗಳಿಗೆ 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್, ನಮ್ಮಲ್ಲಿ 'ಮನೆ ಮನೆಗೆ ಗಂಗೆ'. ತಲಾ ದಿನಕ್ಕೆ 55 ಲೀಟರ್ ಕೊಡಬೇಕೆಂದು ನಿಯಮ. ಪೈಪ್, ಮೀಟರ್, ನಲ್ಲಿ ಎಲ್ಲ ಬಂದರೂ ಮೂಲದ ಬಾವಿಯೇ ಮೇ ತಿಂಗಳಲ್ಲಿ ಬತ್ತಿದರೆ ನಲ್ಲಿಯಿಂದ ಗಾಳಿ ಬರುತ್ತದೆ ಅಷ್ಟೆ. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ನಿಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆ ಎಂದು ಗ್ರಾಮ ಪಂಚಾಯತದಲ್ಲಿ ಒಮ್ಮೆ ಕೇಳಿ ನೋಡಿ.

ಉಪ್ಪು ನಾಲಿಗೆಗೆ ಗೊತ್ತಾಗುತ್ತದೆ, ಶೌಚದ ಗುಂಡಿಯಿಂದ ಬರುವ ರೋಗಾಣು ಗೊತ್ತಾಗುವುದಿಲ್ಲ. ಸ್ವಚ್ಛ ಭಾರತ ಮಿಷನ್‌ನಲ್ಲಿ ಶೌಚಾಲಯಕ್ಕೆ 12,000 ರೂ. ಪ್ರೋತ್ಸಾಹಧನ ಸಿಕ್ಕಿ ಸಾವಿರಾರು ಮನೆಗಳಲ್ಲಿ ಗುಂಡಿ ತೋಡಿದ್ದಾಯಿತು. ಗುಂಡಿಗೂ ಬಾವಿಗೂ ಕನಿಷ್ಠ 10 ಮೀಟರ್, ಅಂದರೆ 33 ಅಡಿ ಅಂತರ ಬೇಕು. ಎರಡು ಮೂರು ಗುಂಟೆ ಜಾಗದಲ್ಲಿ ಮನೆ ಕಟ್ಟಿದವರು ಎಲ್ಲಿಂದ ತರಬೇಕು? ತಮ್ಮ ಬಾವಿಯಿಂದ ದೂರ ತೋಡಿದ ಗುಂಡಿ ಪಕ್ಕದ ಮನೆಯ ಬಾವಿಗೆ ಹತ್ತಿರವಾಗಿರುತ್ತದೆ. ಜುಲೈನಲ್ಲಿ ನೀರು ನೆಲದಿಂದ ನಾಲ್ಕೈದು ಅಡಿಗೇ ಸಿಗುವ ಕಡೆ, ಚಿರೆಕಲ್ಲಿನ ಸಂದುಗಳಿರುವ ಕಡೆ 33 ಅಡಿಯೂ ಸಾಲದು. ಅಲ್ಲಿ ಗುಂಡಿಯನ್ನು ಕಡಿಮೆ ಆಳ ಮಾಡಿ, ನೆಲದಿಂದ ಎತ್ತರಿಸಿ ಕಟ್ಟಬೇಕು. ಎರಡು ಗುಂಡಿ ಇದ್ದರೆ ಒಂದು ತುಂಬಿದಾಗ ಮುಚ್ಚಿ ಇನ್ನೊಂದಕ್ಕೆ ತಿರುಗಿಸಿ. ಮುಚ್ಚಿದ್ದನ್ನು ಎರಡು ವರ್ಷ ಮುಟ್ಟಬೇಡಿ, ಆಮೇಲೆ ಅದು ತೋಟಕ್ಕೆ ಗೊಬ್ಬರ.

ಬ್ಲೀಚಿಂಗ್ ಪೌಡರನ್ನು ಕಣ್ಣಂದಾಜಿನಲ್ಲಿ ಸುರಿಯಬೇಡಿ. 1,000 ಲೀಟರ್‌ಗೆ ಎರಡೂವರೆ ಗ್ರಾಂ. ದುಂಡು ಬಾವಿಯ ಅಗಲವನ್ನು ಅಗಲದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ (ಎಲ್ಲ ಅಡಿಯಲ್ಲಿ), ಮತ್ತೆ 22ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 8 ಅಡಿ ಅಗಲ, 10 ಅಡಿ ನೀರು: ಸುಮಾರು 14,000 ಲೀಟರ್, 35 ಗ್ರಾಂ ಪೌಡರ್. ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನಷ್ಟೇ ಬಾವಿಗೆ ಬಿಡಿ. ರಾತ್ರಿ ಹಾಕಿದರೆ ಒಳ್ಳೆಯದು, ಕನಿಷ್ಠ ಒಂದು ತಾಸು ನೀರು ಸೇದಬಾರದು. ಬಾಯಿ ತೆರೆದಿಟ್ಟ ಹಳೇ ಪ್ಯಾಕೆಟ್‌ನಲ್ಲಿ ಶಕ್ತಿ ಉಳಿದಿರುವುದಿಲ್ಲ.

ಪರೀಕ್ಷೆಗೆ ಪಂಚಾಯತದಲ್ಲಿ ಕಿಟ್ ಕೇಳಿ. ಸಣ್ಣ ಬಾಟಲಿಗೆ ನೀರು ತುಂಬಿಟ್ಟು ಒಂದೆರಡು ದಿನದಲ್ಲಿ ಕಪ್ಪಾದರೆ ಆ ನೀರಿಗೆ ಮಲದ ಅಂಶ ಸೇರಿರುವ ಶಂಕೆ ಇದೆ ಎಂದರ್ಥ. ಹಾಗಾದಾಗ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಕಳಿಸಿ, ಅಲ್ಲಿವರೆಗೆ ಕುದಿಸಿಯೇ ಕುಡಿಯಿರಿ. ಹೋಟೆಲ್, ಜ್ಯೂಸ್ ಅಂಗಡಿ, ಗೂಡಂಗಡಿಯವರು ಮೊದಲ ಮಳೆ ಬಿದ್ದ ವಾರದಲ್ಲೇ ಒಮ್ಮೆ ಪರೀಕ್ಷೆ ಮಾಡಿಸಿ. ನೆಲದ ಮೇಲಿನ ಕೊಳಕೆಲ್ಲ ಬಾವಿಗೆ ಇಳಿಯುವುದು ಆವಾಗಲೇ.