ಹುಲಿ ಬೋನಿನಲ್ಲಿದೆ, ಬ್ಯಾಕ್ಟೀರಿಯಾ ಅಲ್ಲ: ಮೃಗಾಲಯದ ಪ್ರಾಣಿಗಳ ಕರುಳು ನಮಗೆ ಹೇಳುತ್ತಿರುವುದೇನು?

2025ರ ನವೆಂಬರ್ ಮಧ್ಯಭಾಗ. ಬೆಳಗಾವಿ ಹತ್ತಿರದ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚನ್ನಮ್ಮ ಕಿರು ಮೃಗಾಲಯದಲ್ಲಿ 38 ಕೃಷ್ಣಮೃಗಗಳಿದ್ದವು. ಕೆಲವೇ ದಿನಗಳಲ್ಲಿ 31 ಸತ್ತವು. ಕಾರಣ ಹೆಮರಾಜಿಕ್ ಸೆಪ್ಟಿಸೀಮಿಯಾ ಎಂಬ ಬ್ಯಾಕ್ಟೀರಿಯಾ ಸೋಂಕು. ಮಳೆಗಾಲಕ್ಕೆ ಮುಂಚೆ ದನ, ಎಮ್ಮೆಗಳಿಗೆ ಲಸಿಕೆ ಹಾಕಿಸ್ತೀವಲ್ಲ, ಆ ಗಳಲೆ ರೋಗವೇ ಇದು. ಕೆಲವು ಕಡೆ ಗಂಟಲು ಬೇನೆ ಅಂತಲೂ ಕರೀತಾರೆ.

ಅದೇ ವಾರ, ನವೆಂಬರ್ 18ರಂದು, ದೆಹಲಿಯಲ್ಲಿ ಕೇಂದ್ರ ಆರೋಗ್ಯ ಸಚಿವರು ಆ್ಯಂಟಿಬಯಾಟಿಕ್ ಪ್ರತಿರೋಧ ತಡೆಯುವ ಎರಡನೇ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು (2025–29) ಬಿಡುಗಡೆ ಮಾಡಿದರು.

ಒಂದು ಅರಣ್ಯ ಇಲಾಖೆಯ ಸುದ್ದಿ, ಇನ್ನೊಂದು ಆರೋಗ್ಯ ಇಲಾಖೆಯ ಸುದ್ದಿ. ಆದರೆ ಎರಡನ್ನೂ ಜೋಡಿಸುವ ಒಂದು ಪ್ರಶ್ನೆ ಇದೆ. ಬೋನಿನಲ್ಲಿರುವ ಕಾಡುಪ್ರಾಣಿಯ ದೇಹದಲ್ಲಿ ಎಂಥ ಬ್ಯಾಕ್ಟೀರಿಯಾ ಇದೆ ಅನ್ನೋದು ನಮಗೆ ಗೊತ್ತಾಗೋದು ಯಾವಾಗ? ಅದು ಬದುಕಿದ್ದಾಗಲೋ, ಸತ್ತ ಮೇಲೋ?

ಪ್ರತಿರೋಧ ಬೇರೆ, ಉಗ್ರತೆ ಬೇರೆ

ಈ ಎರಡನ್ನು ಸಾಮಾನ್ಯವಾಗಿ ಒಂದೇ ಅಂದ್ಕೋತೀವಿ. ಅಲ್ಲ.

ಔಷಧ ಕೊಟ್ಟರೂ ಬ್ಯಾಕ್ಟೀರಿಯಾ ಸಾಯದಿದ್ದರೆ ಅದು ಪ್ರತಿರೋಧ. ದೇಹಕ್ಕೆ ಎಷ್ಟು ಹಾನಿ ಮಾಡಬಲ್ಲದು ಅನ್ನೋದು ಉಗ್ರತೆ, ವೈದ್ಯರ ಭಾಷೆಯಲ್ಲಿ ವಿರುಲೆನ್ಸ್. ಕರುಳಿನ ಗೋಡೆಗೆ ಅಂಟಿಕೊಳ್ಳುವುದು, ವಿಷ ಉತ್ಪಾದಿಸುವುದು, ದೇಹದಲ್ಲಿರುವ ಕಬ್ಬಿಣದ ಅಂಶವನ್ನು ಕದಿಯುವುದು, ಇವೆಲ್ಲ ಉಗ್ರತೆಯ ಆಯುಧಗಳು.

ಬೆಳಗಾವಿಯ ಪ್ರಕರಣ ಉಗ್ರತೆಗೆ ಉದಾಹರಣೆ. ಗಳಲೆ ರೋಗಕ್ಕೆ ಔಷಧಗಳಿವೆ. ಆದರೆ ರೋಗ ಎಷ್ಟು ವೇಗವಾಗಿ ಏರುತ್ತೆ ಅಂದ್ರೆ, ಚಿಕಿತ್ಸೆಗೆ ಸಮಯವೇ ಸಿಗಲ್ಲ.

ಪ್ರತಿರೋಧ ಇದಕ್ಕೆ ತದ್ವಿರುದ್ಧ. ಅದು ಸದ್ದು ಮಾಡಲ್ಲ. ಆರೋಗ್ಯವಾಗಿ ಕಾಣುವ ಜಿಂಕೆಯ ಕರುಳಿನಲ್ಲೂ ನಾಲ್ಕೈದು ಔಷಧಗಳಿಗೆ ಬಗ್ಗದ ಇ. ಕೋಲಿ ಇರಬಹುದು. ಜಿಂಕೆಗೆ ಅದರಿಂದ ಏನೂ ತೊಂದರೆ ಆಗದೇ ಇರಬಹುದು. ಅಪಾಯ ಶುರುವಾಗೋದು ಈ ಎರಡೂ ಗುಣ ಒಂದೇ ಬ್ಯಾಕ್ಟೀರಿಯಾದಲ್ಲಿ ಸೇರಿದಾಗ. ಇದು ಬರೀ ಊಹೆ ಅಲ್ಲ. ಅತಿ ಉಗ್ರ ಕ್ಲೆಬ್ಸಿಯೆಲ್ಲಾ ತಳಿಗಳು ಕಾರ್ಬಪೆನೆಮ್‌ನಂಥ ದೊಡ್ಡ ಔಷಧಕ್ಕೂ ಬಗ್ಗುತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಎಚ್ಚರಿಕೆ ಕೊಟ್ಟಿದೆ. ಅದು ಮನುಷ್ಯರ ಆಸ್ಪತ್ರೆಗಳ ಮಾತು. ಆದರೆ ಕ್ಲೆಬ್ಸಿಯೆಲ್ಲಾ ಪ್ರಾಣಿಗಳ ಕರುಳಲ್ಲೂ ವಾಸಿಸುತ್ತೆ.

ಗುಳಿಗೆ ನುಂಗದ ಹುಲಿಗೆ ಇದು ಎಲ್ಲಿಂದ ಬಂತು?

ಪ್ರತಿರೋಧ ಅನ್ನೋದು ಮನುಷ್ಯ ಕಂಡುಹಿಡಿದದ್ದಲ್ಲ. 30,000 ವರ್ಷ ಹಳೆಯ ಹೆಪ್ಪುಗಟ್ಟಿದ ಮಣ್ಣಿನಲ್ಲೂ ಪ್ರತಿರೋಧದ ಜೀನ್‌ಗಳು ಸಿಕ್ಕಿವೆ. ನಾವು ಮಾಡಿದ್ದು ಆ ಜೀನ್‌ಗಳಿಗೆ ಬೆಳೆಯಲು ಬೇಕಾದ ವಾತಾವರಣ ಒದಗಿಸಿದ್ದು.

ಮೃಗಾಲಯದೊಳಗೆ ಅವು ಬರುವ ದಾರಿಗಳು ಹಲವು.

ಮೊದಲನೆಯದು ಆಹಾರ. ಹುಲಿ, ಸಿಂಹ, ಚಿರತೆಗಳಿಗೆ ಹಾಕೋದು ಹಸಿ ಮಾಂಸ. ಅದು ಬರೋದು ನಾವು ತಿನ್ನುವ ಕೋಳಿ, ದನಗಳು ಬರುವ ಮಾರುಕಟ್ಟೆಯಿಂದಲೇ. ನಾವು ಬೇಯಿಸ್ತೀವಿ, ಹುಲಿ ಬೇಯಿಸಲ್ಲ. 2010ರಲ್ಲಿ ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ ಹುಲಿಗಳು ಸಾಲ್ಮೊನೆಲ್ಲಾ ಸೋಂಕಿಗೆ ಬಲಿಯಾದಾಗ ಅನುಮಾನ ಹೋಗಿದ್ದು ಅವಕ್ಕೆ ಹಾಕುತ್ತಿದ್ದ ಕೋಳಿ ಮಾಂಸದ ಮೇಲೆ. ಮಾಂಸವನ್ನು ಫ್ರೀಜರ್‌ನಲ್ಲಿ ಇಟ್ಟರೆ ಸಾಲ್ಮೊನೆಲ್ಲಾ ಸಾಯಲ್ಲ ಅನ್ನೋದನ್ನೂ ಇಲ್ಲಿ ನೆನಪಿಡಬೇಕು.

ಎರಡನೆಯದು ಚಿಕಿತ್ಸೆ. ಗಾಯವಾದ ಚಿರತೆಗೆ, ಭೇದಿ ಹತ್ತಿದ ಮರಿಗೆ ಆ್ಯಂಟಿಬಯಾಟಿಕ್ ಕೊಡಲೇಬೇಕು. ಬಳಸಿದಷ್ಟೂ ಕರುಳಿನಲ್ಲಿ ಔಷಧಕ್ಕೆ ಬಗ್ಗುವವು ಸಾಯ್ತವೆ, ಬಗ್ಗದವು ಉಳೀತವೆ.

ಮೂರನೆಯದು ನೀರು, ಇಲಿ, ಕಾಗೆ, ಮತ್ತು ಮನುಷ್ಯರ ಕೈ. ಬೋನಿನ ಸರಳು ಹುಲಿಯನ್ನು ತಡೆಯುತ್ತೆ, ಇಲಿಯನ್ನಲ್ಲ.

ಇದರ ಮೇಲೆ ಸೆರೆಯ ಬದುಕೇ ಕರುಳನ್ನು ಬದಲಿಸುತ್ತೆ. ಕಾಡಿನ ಕೋತಿಗಳನ್ನೂ ಮೃಗಾಲಯದ ಕೋತಿಗಳನ್ನೂ ಹೋಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸೆರೆಯಲ್ಲಿರುವ ಕೋತಿಗಳ ಕರುಳಿನ ಬ್ಯಾಕ್ಟೀರಿಯಾಗಳು ಮನುಷ್ಯರ ಕರುಳನ್ನು ಹೋಲತೊಡಗಿದ್ದು ಕಂಡುಬಂತು. ನಾವು ಕೊಡುವ ಆಹಾರ, ನಾವಿರುವ ಜಾಗ. ಕೊನೆಗೆ ನಮ್ಮಂಥದೇ ಕರುಳು.

ಒಂದರಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತೆ?

ಬ್ಯಾಕ್ಟೀರಿಯಾಗಳಲ್ಲಿ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರಗಳಿರ್ತವೆ. ಪೆನ್‌ಡ್ರೈವ್ ಅಂದ್ಕೊಳ್ಳಿ. ಇ. ಕೋಲಿ ತನ್ನ ಪೆನ್‌ಡ್ರೈವ್‌ನ ಕಾಪಿಯನ್ನು ಪಕ್ಕದ ಸಾಲ್ಮೊನೆಲ್ಲಾಗೆ ಕೊಡಬಹುದು. ಜಾತಿ ಬೇರೆಯಾದರೂ ಅಡ್ಡಿಯಿಲ್ಲ. ಒಂದೇ ಪ್ಲಾಸ್ಮಿಡ್‌ನಲ್ಲಿ ಹಲವು ಔಷಧಗಳ ಪ್ರತಿರೋಧ ಇರಬಹುದು, ಕೆಲವೊಮ್ಮೆ ಉಗ್ರತೆಯ ಜೀನ್ ಕೂಡ.

ಕೊಲಿಸ್ಟಿನ್ ಕತೆ ಇದಕ್ಕೆ ಒಳ್ಳೆಯ ಪಾಠ. ಐಸಿಯುನಲ್ಲಿ ಬೇರೆಲ್ಲ ಔಷಧ ಸೋತಾಗ ಬಳಸುವ ಕೊನೆಯ ಅಸ್ತ್ರಗಳಲ್ಲಿ ಅದೂ ಒಂದು. ಅದನ್ನೇ ಕೋಳಿಗಳು ಬೇಗ ದಪ್ಪ ಆಗಲಿ ಅಂತ ಆಹಾರಕ್ಕೆ ಬೆರೆಸಲಾಗುತ್ತಿತ್ತು. ಪ್ಲಾಸ್ಮಿಡ್ ಮೂಲಕ ಕೊಲಿಸ್ಟಿನ್ ಪ್ರತಿರೋಧ ಹರಡುವ ಎಂಸಿಆರ್-1 ಎಂಬ ಜೀನ್ ಚೀನಾದಲ್ಲಿ ಪತ್ತೆಯಾದ ಸುದ್ದಿ ಹೊರಬಿದ್ದಿದ್ದು 2015ರಲ್ಲಿ. ಭಾರತ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಕೊಲಿಸ್ಟಿನ್ ನಿಷೇಧಿಸಿದ್ದು 2019ರಲ್ಲಿ.

ಕುರ್ಡಿಯವರಿಗೆ ಇದರಿಂದ ಏನಾಗಬೇಕು?

ರಾಯಚೂರು, ದೇವದುರ್ಗ, ಮಾನ್ವಿ ಕಡೆಯ ಶಾಲೆ ಮಕ್ಕಳು ಪ್ರವಾಸ ಅಂತ ಹಂಪಿಗೆ ಹೋದರೆ, ಹತ್ತಿರದ ಕಮಲಾಪುರದಲ್ಲೇ ಅಟಲ್ ಬಿಹಾರಿ ವಾಜಪೇಯಿ ಜೈವಿಕ ಉದ್ಯಾನ ಇದೆ. ನೋಡೋದು ತಪ್ಪಲ್ಲ, ಹೆದರಬೇಕಾಗಿಯೂ ಇಲ್ಲ. ದೂರದಿಂದ ಹುಲಿ ನೋಡಿದ್ರೆ ಸೋಂಕು ಬರಲ್ಲ. ಜಿಂಕೆ, ದನಗಳ ಕರುಳಿನಲ್ಲಿ ಶಿಗಾ ವಿಷ ಉತ್ಪಾದಿಸುವ ಇ. ಕೋಲಿ ಯಾವ ಲಕ್ಷಣವೂ ಇಲ್ಲದೆ ಇರಬಲ್ಲದು. ಅದಕ್ಕೇ ಪ್ರಾಣಿಗಳನ್ನು ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ ಅನ್ನೋದು.

ನಿಜವಾದ ಅಪಾಯ ದಿನವೂ ಬೋನು ತೊಳೆಯುವ, ಮಾಂಸ ಕತ್ತರಿಸುವ ಪ್ರಾಣಿಪಾಲಕರಿಗೆ. ಅವರ ಕೈಗೆ ಅಂಟಿದ್ದು ಮನೆಗೂ ಹೋಗುತ್ತೆ.

ಇನ್ನೊಂದು ಮಾತು. ಕುರ್ಡಿಯಂಥ ಊರಿನವರು ಮೆಡಿಕಲ್ ಶಾಪಿಗೆ ಹೋಗಿ "ಜ್ವರಕ್ಕ ಎರಡು ಗುಳಿಗಿ ಕೊಡ್ರಿ" ಅಂದಾಗ ಚೀಟಿ ಇಲ್ಲದೇ ಸಿಗುವ ಆ್ಯಂಟಿಬಯಾಟಿಕ್, ಕುರಿಗೆ ಅಂದಾಜಿನ ಮೇಲೆ ಚುಚ್ಚುವ ಇಂಜೆಕ್ಷನ್, ಕೋಳಿ ಫಾರಂನ ಆಹಾರ, ಇವೆಲ್ಲದರ ಲೆಕ್ಕ ಕೊನೆಗೆ ಸೇರೋದು ಮಣ್ಣು, ನೀರು, ಮಾಂಸದಲ್ಲಿ. ಮೃಗಾಲಯದ ಪ್ರಾಣಿಯ ಕರುಳು ಆ ಲೆಕ್ಕವನ್ನು ಓದಿ ಹೇಳುವ ಸೆನ್ಸರ್ ಇದ್ದಂತೆ. 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಅಂದಾಜು 12.7 ಲಕ್ಷ ಜನ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ಸತ್ತರು. ಅವರು ಯಾರೂ ಹುಲಿ ಸಾಕಿದವರಲ್ಲ.

ಮೂರು ಇಲಾಖೆ, ಒಂದು ಬ್ಯಾಕ್ಟೀರಿಯಾ

ನಮ್ಮಲ್ಲಿ ಮನುಷ್ಯ ಆರೋಗ್ಯ ಇಲಾಖೆಗೆ, ಕೋಳಿ ಪಶುಸಂಗೋಪನೆಗೆ, ಹುಲಿ ಅರಣ್ಯಕ್ಕೆ. ಮೇಲೆ ಕೇಂದ್ರ ಮೃಗಾಲಯ ಪ್ರಾಧಿಕಾರ, ರಾಜ್ಯದಲ್ಲಿ ಕರ್ನಾಟಕ ಮೃಗಾಲಯ ಪ್ರಾಧಿಕಾರ. ಬ್ಯಾಕ್ಟೀರಿಯಾಗೆ ಈ ಹಂಚಿಕೆ ಗೊತ್ತಿಲ್ಲ.

ಕಾನೂನುಗಳ ಕೊರತೆ ಇಲ್ಲ. ಮುಖ್ಯ ಆ್ಯಂಟಿಬಯಾಟಿಕ್‌ಗಳನ್ನು ಚೀಟಿ ಇಲ್ಲದೆ ಮಾರಬಾರದು, ಮಾರಿದ್ದನ್ನು ದಾಖಲಿಸಬೇಕು ಅನ್ನುವ ಶೆಡ್ಯೂಲ್ ಎಚ್-1 ನಿಯಮ 2014ರಿಂದಲೇ ಇದೆ. ಕೇರಳ 2024ರಲ್ಲಿ 'ಆಪರೇಷನ್ ಅಮೃತ್' ಹೆಸರಲ್ಲಿ ಔಷಧ ಅಂಗಡಿಗಳ ಮೇಲೆ ದಾಳಿಗೆ ಇಳಿಯಿತು. ನಿಯಮ ಪುಸ್ತಕದಿಂದ ಅಂಗಡಿಗೆ ಇಳಿಯೋದು ಹೀಗೆ.

ಪರಿಣತಿಗೂ ಬರ ಇಲ್ಲ. ಬೀದರ್‌ನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ, ಯಲಹಂಕದಲ್ಲಿ ಪ್ರಾಣಿರೋಗಗಳ ಮೇಲೆ ಕಣ್ಣಿಡುವ ರಾಷ್ಟ್ರೀಯ ಸಂಸ್ಥೆ ನಿವೇದಿ ಇವೆ.

ಪರೀಕ್ಷೆಯೂ ಕಷ್ಟದ್ದಲ್ಲ. ಪ್ರಾಣಿಯನ್ನು ಹಿಡಿಯಬೇಕಿಲ್ಲ, ಮತ್ತು ಬರಿಸಬೇಕಿಲ್ಲ. ಬೆಳಿಗ್ಗೆ ಬಿದ್ದ ಹಿಕ್ಕೆಯನ್ನೋ ಲದ್ದಿಯನ್ನೋ ತಂದು ಬ್ಯಾಕ್ಟೀರಿಯಾ ಬೆಳೆಸಿ, ತಟ್ಟೆಯ ಮೇಲೆ ಬೇರೆ ಬೇರೆ ಔಷಧ ಅದ್ದಿದ ಕಾಗದದ ಬಿಲ್ಲೆಗಳನ್ನಿಟ್ಟರೆ ಸಾಕು. ಔಷಧ ಕೆಲಸ ಮಾಡಿದರೆ ಬಿಲ್ಲೆ ಸುತ್ತ ಖಾಲಿ ವೃತ್ತ ಕಾಣುತ್ತೆ. ಮಾಡದಿದ್ದರೆ ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿನವರೆಗೂ ಬೆಳೆಯುತ್ತೆ. ಎರಡು ಮೂರು ದಿನದ ಕೆಲಸ.

ನಾವು ಏನು ಕೇಳಬೇಕು?

ಮೃಗಾಲಯದಲ್ಲಿ ಸಾವು ಸಂಭವಿಸಿದಾಗ ತನಿಖೆ, ಅಮಾನತು, ಸಚಿವರ ಹೇಳಿಕೆ ಇಷ್ಟರಲ್ಲೇ ಚರ್ಚೆ ಮುಗಿಯುತ್ತೆ. ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆಗಳಿವೆ, ಮಾಹಿತಿ ಹಕ್ಕಿನಡಿ ಯಾರು ಬೇಕಾದರೂ ಕೇಳಬಹುದು:

• ನಿಮ್ಮ ಮೃಗಾಲಯದಲ್ಲಿ ಕಳೆದ ವರ್ಷ ಯಾವ ಆ್ಯಂಟಿಬಯಾಟಿಕ್ ಎಷ್ಟು ಬಳಸಿದ್ದೀರಿ?
• ಔಷಧ ಕೊಡುವ ಮೊದಲು ಎಷ್ಟು ಸಲ ಕಲ್ಚರ್ ಮತ್ತು ಸೆನ್ಸಿಟಿವಿಟಿ ಪರೀಕ್ಷೆ ಮಾಡಿಸಿದ್ದೀರಿ?
• ಆರೋಗ್ಯವಾಗಿರುವ ಪ್ರಾಣಿಗಳ ಹಿಕ್ಕೆ, ಲದ್ದಿಯನ್ನು ನಿಯಮಿತವಾಗಿ ಪರೀಕ್ಷಿಸುತ್ತೀರಾ? ಫಲಿತಾಂಶ ಎಲ್ಲಿ ಪ್ರಕಟವಾಗುತ್ತೆ?
• ಮಾಂಸ ಪೂರೈಸುವ ಗುತ್ತಿಗೆದಾರರಿಗೆ ಸಾಲ್ಮೊನೆಲ್ಲಾ ಪರೀಕ್ಷೆಯ ಷರತ್ತು ಇದೆಯಾ?
• ಗುತ್ತಿಗೆ ನೌಕರರೂ ಸೇರಿ ಪ್ರಾಣಿಪಾಲಕರೆಲ್ಲರಿಗೂ ಆರೋಗ್ಯ ತಪಾಸಣೆ ಆಗಿದೆಯಾ?

ಉತ್ತರ ಬಂದರೆ ನಮ್ಮ ಕೈಗೆ ಡಾಟಾ ಸಿಗುತ್ತೆ. "ಮಾಹಿತಿ ಲಭ್ಯವಿಲ್ಲ" ಅಂತ ಬಂದರೂ ಅದು ಉತ್ತರವೇ. 31 ಕೃಷ್ಣಮೃಗಗಳ ಸಾವು ಎಲ್ಲರ ಕಣ್ಣಿಗೂ ಬಿತ್ತು. ಸದ್ದಿಲ್ಲದೆ ಬೆಳೆಯುವ ಪ್ರತಿರೋಧ ಹಾಗೆ ಕಣ್ಣಿಗೆ ಬೀಳಲ್ಲ, ಹುಡುಕಿದರೆ ಮಾತ್ರ ಸಿಗುತ್ತೆ.